ಊಟಕ್ಕೆ ಮುಂಚಿನ ಗಾಯಕ ಮೂಕನಟನಾದದ್ದು

ತಾನು ಚೆನ್ನಾಗಿ ಹಾಡುತ್ತೇನೆ ಎಂಬ ನಂಬಿಕೆ ಒಮ್ಮೆ ಹತ್ತಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ಅದು ಬೆಳೆಯಲು ಚಪ್ಪಾಳೆಯೇ ಬೇಕೆಂದಿಲ್ಲ. ಕೇಳುವವರು ಎದ್ದು ಹೋಗದಿದ್ದರೆ ಸಾಕು. ನನಗಾದರೋ ಎಲ್ಲರೂ ಎದ್ದು ಹೋಗುತ್ತಿದ್ದರು, ಆದರೂ ಬೆಳೆಯಿತು. ಕುವೈತಿನ ನಮ್ಮ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ನನ್ನ ಭಾವಗೀತೆ ಯಾವಾಗಲೂ ಕೊನೆಯದು, ಅದರ ಬೆನ್ನಿಗೇ ಊಟ. ಹೀಗಾಗಿ ನಾನು ಪಲ್ಲವಿ ಎತ್ತಿದ ಕೂಡಲೇ ಜನ ಮಕ್ಕಳ ಕೈ ಹಿಡಿದುಕೊಂಡು ಬಿಸಿಬೇಳೆಬಾತಿನ ಸಾಲಿಗೆ ಹೊರಡುತ್ತಿದ್ದರು. ಚರಣಗಳನ್ನು ನಾನು ಕುರ್ಚಿಗಳಿಗೆ ಹಾಡುತ್ತಿದ್ದೆ. ಅವುಗಳಲ್ಲಿ ನನಗೆ ನಿಜವಾಗಿ ನೋವಾಗುತ್ತಿದ್ದದ್ದು ಒಂದೇ ಕುರ್ಚಿ ನೋಡಿ, ಮಗಳು ನಿಧಿಯದು. ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನ್ನ ಹಾಡಿಗೆ ಮಾತ್ರ ಅವಳು ಯಾವ ಭಾಷೆಯಲ್ಲೂ ಉತ್ತರ ಕೊಟ್ಟವಳಲ್ಲ.

ಈ ವರ್ಷ ಸಂಘದ ಹುಡುಗಿ ಸಹನಾ ಒಂದು ಪುಟ್ಟ ಮೂಕಿ ಚಿತ್ರ ತೆಗೆದಳು. ಇಲ್ಲಿನ ವಫ್ರಾ ಕಡೆಯ ತೋಟದ ಕೆಲಸಗಾರನೊಬ್ಬ ಊರಿಗೆ ಹೊರಟು, ಬಾರದ ಬಸ್ಸಿಗೆ ಕಾಯುವ ಕಥೆ. “ಅಂಕಲ್, ಈ ಸಲ ಹಾಡು ಬೇಡ, ಆಕ್ಟಿಂಗ್ ಮಾಡಿ. ಡೈಲಾಗೂ ಇಲ್ಲ, ಟೆನ್ಶನ್ನೂ ಇಲ್ಲ” ಎಂದಳು. ನನ್ನ ಬಾಯಿ ಮುಚ್ಚಿಸಲು ಇಡೀ ಸಿನಿಮಾ ತೆಗೆಯಬೇಕಾಯಿತೇ ಎಂದು ಅವಮಾನವಾಯಿತು. ಆದರೂ ಒಪ್ಪಿಕೊಂಡೆ. ವೇದಿಕೆಯೂ ಹೋದರೆ, ಶುಐಬಾದ ಕಾರ್ಖಾನೆಯಲ್ಲಿ ಪೈಪು ನೋಡಿಕೊಂಡಿರುವ ನನ್ನನ್ನು ಕೇಳುವವರು ಯಾರು? ಆದರೆ ಕ್ಯಾಮೆರಾ ಮುಂದೆ ನಿಂತಾಗ ತುಟಿ ತಾನಾಗಿಯೇ ಪಲ್ಲವಿ ಹಿಡಿಯಿತು. “ಅಂಕಲ್, ತುಟಿ!” ಎಂದು ಕೂಗಿ ಕೂಗಿ ಸೋತ ಸಹನಾ ಕೊನೆಗೆ, “ಹೋಗ್ಲಿ, ಹಂಗೇ ಇರ್ಲಿ. ಯಲ್ಲಾ, ಬೇಗ ಬೇಗ, ಬೆಳಕು ಹೋಗ್ತಿದೆ” ಎಂದಳು.

ಚಿತ್ರ ತೋರಿಸಿದ್ದು ನನ್ನ ಹಾಡಿನ ಹೊತ್ತಿಗೇ. ಒಬ್ಬರೂ ಏಳಲಿಲ್ಲ, ನಿಧಿಯೂ ಏಳಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಆಮೇಲೆ ಸಂಘದ ಅಧ್ಯಕ್ಷರು ಬಂದು, “ಏನ್ರೀ, ನೀವು ಹಾಡ್ಲೇ ಇಲ್ವಲ್ಲ, ಊಟದ ಹೊತ್ತಾಗಿದ್ದೇ ಯಾರಿಗೂ ಗೊತ್ತಾಗ್ಲಿಲ್ಲ!” ಎಂದರು. ತುಂಬಿದ ಕಣ್ಣನ್ನು ಈಗ ಏನು ಮಾಡುವುದೆಂದು ತಿಳಿಯದೆ ಕರ್ಚೀಫು ಹುಡುಕಿದೆ.

ಮನೆಗೆ ಬರುವಾಗ ಪಕ್ಕದ ಸೀಟಿನಲ್ಲಿದ್ದ ನಿಧಿ, “ಅಪ್ಪ, ವಾಟ್ ವರ್ ಯೂ ಸಿಂಗಿಂಗ್ ಇನ್ ದಟ್?” ಎಂದು ಕೇಳಿದಳು. ಹಾಗೆ ಅವಳು ಕೇಳಿದ್ದು ಅದೇ ಮೊದಲು. ಖುಷಿಯಲ್ಲಿ ಗಂಟಲು ಬಿಟ್ಟು ಹಾಡಿದೆ. ಸಲ್ವಾದ ಸಿಗ್ನಲ್ ಬರುವಷ್ಟರಲ್ಲಿ, “ಅಪ್ಪ, ಖಲಾಸ್, ಪ್ಲೀಸ್” ಎಂದಳು. ದನಿ ನಿಲ್ಲಿಸಿದೆ, ತುಟಿ ನಿಲ್ಲಲಿಲ್ಲ. ಓರೆಗಣ್ಣಲ್ಲಿ ನೋಡಿದರೆ ನಿಧಿ ಫೋನು ಕೆಳಗಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. ಸಿಗ್ನಲ್ ಹಸಿರಾಯಿತು, ಹಿಂದಿನವರೆಲ್ಲ ಹಾರ್ನ್ ಹೊಡೆಯತೊಡಗಿದರು. ನಾನು ಚರಣ ಮುಗಿಸಿಯೇ ಕಾರು ಮುಂದೆ ಬಿಟ್ಟೆ.