ತಿದ್ದಪ್ಪನ ಹಸಿ ಸೌದೆ

ಸರ್ವೆ ಕಚೇರಿಯಿಂದ ಬಂದ ನೋಟೀಸು ಎರಡು ಬದಿಗೂ ಅಚ್ಚಾಗಿತ್ತು. ತಿದ್ದಪ್ಪ ಒಂದು ಬದಿ ಓದಿದ.

ಓದುವುದೇ ಅವನ ಉದ್ಯೋಗ. ಅಚ್ಚುಕೂಟದ ಹಿಂದಿನ ಕೋಣೆಯಲ್ಲಿ ಕೂತು ಬೆಳಗಿನಿಂದ ಸಂಜೆಯವರೆಗೆ ಕಂಡವರ ಕರಡನ್ನೆಲ್ಲ ಓದಿ ತಪ್ಪು ತಿದ್ದುತ್ತಿದ್ದ. ಅದಕ್ಕೇ ಬೀದಿಯವರು ಅವನಿಗೆ ತಿದ್ದಪ್ಪ ಎಂದು ಹೆಸರಿಟ್ಟಿದ್ದರು. ಹೆತ್ತವರು ಇಟ್ಟ ಹೆಸರು ಬ್ಯಾಂಕಿನ ಪಾಸ್‌ಬುಕ್ಕಿಗೆ ಮಾತ್ರ ಗೊತ್ತು. ಬೇರೆಯವರ ಪುಸ್ತಕದಲ್ಲಿ ಒಂದು ಒತ್ತಕ್ಷರ ಜಾರಿದ್ದರೂ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಮನೆಗೆ ಬಂದ ಕಾಗದಗಳ ವಿಷಯದಲ್ಲಿ ಮಾತ್ರ ಅವನು ಉದಾರಿ.

"ಹಿಂದೆ ಇನ್ನೂ ಏನೋ ಇದೆ ರೀ," ಎಂದಳು ಹೆಂಡತಿ, ಪಾತ್ರೆ ಒರೆಸುತ್ತ.

"ಸರ್ಕಾರದವರು ಮುಂದೆ ಬರೆಯೋದು ಕೆಲಸ, ಹಿಂದೆ ಬರೆಯೋದು ನಿಯಮ. ನಿಯಮ ಯಾರು ಓದ್ತಾರೆ?"

ಕೆಲಸವೆಂದರೆ ಇಷ್ಟೆ: ಬುಧವಾರ ಸಂಜೆ ನಾಲ್ಕಕ್ಕೆ ಸರ್ವೇಯರ್ ಬರುತ್ತಾರೆ, ಮನೆ ಹಿಂದಿನ ಖಾಲಿ ಜಾಗವನ್ನು ಗಿಡಗಂಟಿ ತೆಗೆದು ಚೊಕ್ಕಟ ಮಾಡಿರಬೇಕು. ಆ ಜಾಗದ ಒಂದು ಅಂಚಿನಲ್ಲಿ ಮೂರಡಿ ಅಗಲದ ಪಟ್ಟಿ ತನ್ನದೆಂದು ಪಕ್ಕದ ಮನೆಯ ಕಂಟ್ರಾಕ್ಟರ್ ಮೂರು ವರ್ಷದಿಂದ ಹೇಳುತ್ತಿದ್ದ. ಗೋಡೆ ಕಟ್ಟಲು ಇಟ್ಟಿಗೆಯನ್ನೂ ತಂದು ಪೇರಿಸಿದ್ದ. ತಿದ್ದಪ್ಪನಿಗೆ ಆ ಮೂರಡಿ ಬೇಕಾಗಿದ್ದದ್ದು ಮಗಳಿಗೆ. ಈ ವರ್ಷ ಹತ್ತನೇ ತರಗತಿಗೆ ಬಂದಿದ್ದ ಹುಡುಗಿ ಅಡುಗೆಮನೆ ಕಟ್ಟೆಯ ಮೇಲೆ, ಮಿಕ್ಸಿಗೂ ಹಿಟ್ಟಿನ ಡಬ್ಬಕ್ಕೂ ನಡುವೆ, ಪುಸ್ತಕ ಬಿಡಿಸಿಕೊಂಡು ಓದುತ್ತಿದ್ದಳು. ಹಿಂದೆ ಒಂದು ಕೋಣೆ ಹಾಕಿಸಬೇಕು. ಮೂರಡಿ ಸಿಕ್ಕರೆ ಕೋಣೆಯಲ್ಲಿ ಮಂಚವೂ ಹಿಡಿಯುತ್ತದೆ, ಮೇಜೂ ಹಿಡಿಯುತ್ತದೆ. ಸಿಗದಿದ್ದರೆ ಎರಡರಲ್ಲಿ ಒಂದು. ಮಗಳು ಆಗಲೇ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ನಕ್ಷೆ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿದ್ದಳು: ಮಂಚ, ಮೇಜು, ಮೇಜಿನ ಮೇಲೆ ಒಂದು ದೀಪ.

ಸೋಮವಾರ, ಮಂಗಳವಾರ ಎರಡು ಸಂಜೆ ಕೂತು ತಿದ್ದಪ್ಪ ಪೊದೆಗಳನ್ನೆಲ್ಲ ಕಡಿದ. ಕಡಿದದ್ದನ್ನು ಆಳೆತ್ತರಕ್ಕೆ ಒಂದೇ ಕಡೆ ಒಟ್ಟಿದ. ಒಟ್ಟಿ ಮುಗಿದ ಮೇಲೆ ಅವನಿಗೆ ಹೊಳೆಯಿತು, ಗಡಿಯ ಕಲ್ಲು ಎಲ್ಲೂ ಕಾಣಲಿಲ್ಲವಲ್ಲ ಎಂದು.

"ರಾಶಿ ಕೆಳಗೇ ಇರಬೇಕು ಕಣೇ. ಸುಟ್ಟುಬಿಟ್ರೆ ಕಲ್ಲೂ ಸಿಗುತ್ತೆ, ಜಾಗವೂ ಚೊಕ್ಕಟ ಆಗುತ್ತೆ."

"ಹಸಿ ಸೌದೆ ರೀ ಅದು. ಒಂದು ತಿಂಗಳು ಬಿಸಿಲು ಕುಡಿದ್ರೆ ತಾನೇ ಉರಿಯುತ್ತೆ. ಈಗ ಸುಮ್ನೆ ಆಚೆ ಎಳೆದು ಹಾಕಿ, ಸಾಕು."

"ಬೆಂಕಿಗೆ ಹಸಿ ಯಾವುದು, ಒಣ ಯಾವುದು? ಬೆಂಕಿ ಬೆಂಕಿನೇ."

ಇಪ್ಪತ್ತು ವರ್ಷ ಒಲೆಯ ಮುಂದೆ ನಿಂತವಳಿಗೆ ಬೆಂಕಿಯ ಪಾಠ ಹೇಳಿ, ಬುಧವಾರ ಬೆಳಗ್ಗೆ ಮಾಲೀಕರಿಗೆ ಫೋನು ಮಾಡಿ, ಕಣ್ಣುನೋವೆಂದು ರಜೆ ಹಾಕಿ, ತಿದ್ದಪ್ಪ ಬೆಂಕಿಪೊಟ್ಟಣದೊಡನೆ ಹಿತ್ತಿಲಿಗೆ ಇಳಿದ. ಹಚ್ಚಲು ಕಾಗದ ಬೇಕಿತ್ತು. ಅಂಗಿಯ ಜೇಬಿನಲ್ಲಿ ನೋಟೀಸಿತ್ತು. ಓದಿಯಾಗಿದೆಯಲ್ಲ!

ನೋಟೀಸು ಚೆನ್ನಾಗಿ ಉರಿಯಿತು. ಅದರ ಹಿಂದೆ ಅಚ್ಚುಕೂಟದ ಒಂದು ಚೀಲ ಹಳೆಯ ಕರಡು ಹೋಯಿತು, ಅದೂ ಉರಿಯಿತು. ರಾಶಿ ಮಾತ್ರ ಬೆಳಗಿನ ಜಾವ ಎಬ್ಬಿಸಿದ ಮಗುವಿನ ಹಾಗೆ ಗೊಣಗಿತೇ ಹೊರತು ಏಳಲಿಲ್ಲ. ಕಡಿದ ತುದಿಗಳಲ್ಲಿ ಸೊರ್ರೆಂದು ನೊರೆ ಉಕ್ಕಿತು. ಎಲೆಗಳು ಚಟಪಟ ಬೈದುಕೊಂಡವು. ಆಮೇಲೆ ಒಳಗಿನಿಂದ ಹೊಗೆ ಎದ್ದಿತು. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂದು ಗಾದೆ ಕಟ್ಟಿದ ಹಿರಿಯರು ಆ ಹೊತ್ತು ಹಿತ್ತಿಲಿನಲ್ಲಿದ್ದಿದ್ದರೆ ಗಾದೆಯನ್ನು ವಾಪಸು ತೆಗೆದುಕೊಳ್ಳುತ್ತಿದ್ದರು.

ಹೊಗೆಯ ಹಿಂದೆಯೇ ಗಂಟೆ ಮಾಮ ಬಂದ. ಮೂವತ್ತು ವರ್ಷ ಬೆಂಕಿ ನಂದಿಸುವ ಗಾಡಿ ಓಡಿಸಿ ನಿವೃತ್ತನಾದವನು. ಈಗಲೂ ಎಲ್ಲಿಗೆ ಹೋದರೂ ಗಂಟೆ ಬಾರಿಸುತ್ತ ಬಂದಂತೆಯೇ ಬರುತ್ತಿದ್ದ. ಬೆಂಕಿ ಹಚ್ಚುವುದರಲ್ಲಿ ಅವನಿಗೆ ಅನುಭವ ಇರಲಿಲ್ಲ, ಅಭಿಪ್ರಾಯವಿತ್ತು.

"ಏನಯ್ಯಾ ಇದು, ಬೆಂಕಿನಾ, ಸೊಳ್ಳೆ ಓಡಿಸ್ತಿದ್ದೀಯಾ? ಕೆಳಗಿಂದ ಗಾಳಿ ಹೋಗಬೇಕಯ್ಯಾ! ರಾಶಿ ಎತ್ತು, ಇಟ್ಟಿಗೆ ಕೊಡು!"

ಇಬ್ಬರೂ ಸೇರಿ ಹಾರೆ ಕೊಟ್ಟು ರಾಶಿಯನ್ನು ಮೀಟಿ, ಕೆಳಗೆ ಎಂಟು ಇಟ್ಟಿಗೆ ತೂರಿಸಿದರು. ಗಾಳಿ ಹೋಯಿತು. ಅದುವರೆಗೆ ನೆಟ್ಟಗೆ ಮೇಲಕ್ಕೆ ಹೋಗುತ್ತಿದ್ದ ಹೊಗೆ ದಪ್ಪಗಾಗಿ, ಗಾಳಿಯೊಡನೆ ಅಡ್ಡಕ್ಕೆ ತಿರುಗಿ, ಎದುರು ಮಹಡಿಯ ಮೇಲೆ ಸಾಲಾಗಿ ಒಣಗುತ್ತಿದ್ದ ಬಿಳಿಯ ಹೊದಿಕೆಗಳನ್ನು ಒಂದೊಂದಾಗಿ ಮಾತಾಡಿಸಿಕೊಂಡು ಹೋಯಿತು.

"ಅಯ್ಯಯ್ಯೋ! ಯಾವನೋ ಅವನು!" ಮಹಡಿ ದೊಡ್ಡಮ್ಮನ ಧ್ವನಿ ಆಕೆಗಿಂತ ಮೊದಲು ಇಳಿದು ಬಂತು. "ಏನಪ್ಪಾ ತಿದ್ದಪ್ಪಾ, ಊರಿನ ತಪ್ಪೆಲ್ಲ ತಿದ್ದೋನು, ಇದನ್ನ ಯಾರು ತಿದ್ತಾರೆ? ಆರು ಹೊದಿಕೆ! ಬೆಳಗ್ಗೆ ನಾಲ್ಕಕ್ಕೆ ಎದ್ದು ಒಗೆದಿದ್ದೀನಿ!"

"ಒಗೆದುಕೊಡ್ತೀನಿ ದೊಡ್ಡಮ್ಮ..."

"ಕೊಡದೇ ಏನು ಮಾಡ್ತೀಯ? ನಾನು ಇಲ್ಲೇ ನಿಂತು ನೋಡ್ತೀನಿ."

ನಡುಮಧ್ಯಾಹ್ನ ತಿದ್ದಪ್ಪ ನೀರಿನ ತೊಟ್ಟಿಯ ಪಕ್ಕ ಕೂತು ಹೊದಿಕೆ ಕುಸುಬುತ್ತಿದ್ದಾಗ ಜೇಬಿನಲ್ಲಿ ಫೋನು ಕೂಗಿತು. ಅಚ್ಚುಕೂಟದ ಮಾಲೀಕರು.

"ಹೇಗಿದೆಯಪ್ಪಾ ಕಣ್ಣು?"

"ಉರೀತಿದೆ ಸಾರ್. ಕೆಂಡದ ಹಾಗೆ ಕೆಂಪಗಾಗಿದೆ. ನೀರು ನಿಲ್ತಾನೇ ಇಲ್ಲ."

ಅವನ ಹದಿನೆಂಟು ವರ್ಷದ ಸೇವೆಯಲ್ಲಿ ರಜೆಗೆ ಕೊಟ್ಟ ಕಾರಣ ನಿಜವಾದದ್ದು ಅದೇ ಮೊದಲು.

ಹೆಂಡತಿ ಬಂದು ಹೊದಿಕೆಯ ಇನ್ನೊಂದು ತುದಿ ಹಿಡಿದು ಹಿಂಡಿದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಎರಡೂವರೆಗೆ ಕಂಟ್ರಾಕ್ಟರ್ ಬಂದ. ಮೂರು ವರ್ಷದಿಂದ ಈ ಮನೆಯ ಮುಂದೆ ಆಕಾಶ ನೋಡಿಕೊಂಡು ನಡೆಯುತ್ತಿದ್ದ ಮನುಷ್ಯ ಇವತ್ತು ಕೈಯಲ್ಲಿ ಚಹಾದ ಫ್ಲಾಸ್ಕು ಹಿಡಿದು, ಮುಖದಲ್ಲಿ ನಗು ಹಿಡಿದು, ಹಿತ್ತಿಲ ಬಾಗಿಲಲ್ಲಿ ನಿಂತಿದ್ದ.

"ಪಾಪ, ಬೆಳಗ್ಗಿಂದ ನೋಡ್ತಾ ಇದ್ದೀನಿ ತಿದ್ದಪ್ಪನೋರೇ. ತಡೆಯೋಕಾಗಲಿಲ್ಲ. ಜಗಳ ಮೂರಡಿದು, ಮನುಷ್ಯತ್ವಕ್ಕೆ ಅಳತೆ ಇದೆಯಾ? ತಗೊಳ್ಳಿ, ಚಹಾ ಕುಡೀರಿ."

ತಿದ್ದಪ್ಪನ ಕಣ್ಣು ಇನ್ನಷ್ಟು ಒದ್ದೆಯಾಯಿತು. ಈ ಸಲ ಹೊಗೆಯಿಂದಲ್ಲ.

"ಹಸಿಗೆ ಹಸಿ ಹಚ್ಚಿದ್ರೆ ಹತ್ತಲ್ಲ," ಎಂದ ಕಂಟ್ರಾಕ್ಟರ್, ತಾನೂ ಒಂದು ಲೋಟ ಬಗ್ಗಿಸಿಕೊಳ್ಳುತ್ತ. "ರಾಶಿ ಹೊಟ್ಟೆಯೊಳಗೆ ಚೆನ್ನಾಗಿ ಒಣಗಿದ್ದು ನಾಲ್ಕು ತುಂಡು ಬೀಳಬೇಕು."

"ಅದನ್ನೇ ನಾನೂ ಹೇಳಬೇಕಂತಿದ್ದೆ," ಎಂದ ಗಂಟೆ ಮಾಮ.

"ಒಣಗಿದ್ದು ಎಲ್ಲಿಂದ ತರಲಿ ಸಾರ್?"

"ದೂರ ಯಾಕೆ? ನಿಮ್ಮ ಜಾಗದಲ್ಲೇ ಹುಲ್ಲೊಳಗೆ ಯಾವುದೋ ಗೂಟ ಇದ್ದ ಹಾಗಿತ್ತಪ್ಪ. ಯಾರೋ ಹಿಂದೆ ಬಳ್ಳಿ ಹಬ್ಬಿಸೋಕೆ ನೆಟ್ಟಿದ್ದೋ ಏನೋ."

"ಹೌದೌದು, ಮಹಡಿಯಿಂದ ಕಾಣುತ್ತೆ," ಎಂದಳು ದೊಡ್ಡಮ್ಮ. "ಬಟ್ಟೆ ಹಗ್ಗ ಕಟ್ಟೋಕೆ ನಾನೇ ಕೇಳಬೇಕಂತಿದ್ದೆ."

ಮೊಣಕಾಲುದ್ದದ ಹುಲ್ಲನ್ನು ಕಾಲಿನಿಂದ ಸರಿಸುತ್ತ ತಿದ್ದಪ್ಪ ಹೋದ. ಅಲ್ಲೊಂದು, ಇಲ್ಲೊಂದು, ಒಟ್ಟು ನಾಲ್ಕು ಸಿಕ್ಕವು. ಬೆಳ್ಳಗೆ ಕೆತ್ತಿದ, ಖಣಖಣ ಒಣಗಿದ, ಬುಡಕ್ಕೆ ಟಾರು ಬಳಿದ ಗೂಟಗಳು. ಕಂಟ್ರಾಕ್ಟರ್ ಕೈ ಹಾಕಲಿಲ್ಲ. "ನಿಮ್ಮ ಜಾಗದ್ದು, ನಾನು ಮುಟ್ಟಬಾರದು," ಎಂದು ಎರಡು ಹೆಜ್ಜೆ ಹಿಂದೆಯೇ ನಿಂತ. ಇಂಥ ಸಂಸ್ಕಾರವಂತನನ್ನು ಮೂರು ವರ್ಷ ಸುಮ್ಮನೆ ದ್ವೇಷಿಸಿದೆನಲ್ಲ ಎಂದು ತಿದ್ದಪ್ಪ ಒಂದೊಂದು ಗೂಟ ಕೀಳುವಾಗಲೂ ನಾಚಿದ.

ಟಾರಿಗೆ ಬೆಂಕಿ ತಗುಲಿದ್ದೇ ತಡ, ಭುಗ್ಗೆಂದಿತು! ಬೆಳಗಿನಿಂದ ಕಾಣದ ಜ್ವಾಲೆ ಆಳೆತ್ತರ ಎದ್ದಿತು. ಗಂಟೆ ಮಾಮ ಚಪ್ಪಾಳೆ ತಟ್ಟಿದ. ದೊಡ್ಡಮ್ಮ ಹೊದಿಕೆ ಮರೆತಳು.

"ಇದು ನೆನಪಿಗಿರಲಿ! ಆ ಕೊನೇ ಗೂಟ ಕೈಯಲ್ಲಿ ಹಿಡ್ಕೊಂಡು ಈ ಕಡೆ ನೋಡಿ. ನಗಬೇಕು!" ಕಂಟ್ರಾಕ್ಟರ್ ಫೋನೆತ್ತಿ ಫೋಟೋ ತೆಗೆದ. ತಿದ್ದಪ್ಪ ಮದುವೆಯ ದಿನವೂ ಅಷ್ಟು ಚೆನ್ನಾಗಿ ನಕ್ಕಿರಲಿಲ್ಲ.

ಗೂಟಗಳು ಅರ್ಧ ಗಂಟೆ ಉರಿದು, ಒಂದು ಹಿಡಿ ಬೂದಿಯಾಗಿ, ಆರಿದವು. ಅವುಗಳ ಸುತ್ತ ಹಸಿ ರಾಶಿ ಒಂದಿಷ್ಟು ಮುಖ ಕಪ್ಪು ಮಾಡಿಕೊಂಡು, ಮೊದಲಿನಷ್ಟೇ ಎತ್ತರಕ್ಕೆ, ಮೊದಲಿನಂತೆಯೇ ಗೊಣಗುತ್ತ ಕೂತಿತ್ತು.

ಸರಿಯಾಗಿ ನಾಲ್ಕಕ್ಕೆ ಸರ್ವೇಯರ್ ಬಂದರು. ಅಳತೆ ಟೇಪು, ಕಂಕುಳಲ್ಲಿ ಕಡತ. ಜಾಗದ ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆದರು. ಮತ್ತೊಮ್ಮೆ ನಡೆದರು.

"ಕ್ಷಮಿಸಬೇಕು ಸಾರ್," ಎಂದ ತಿದ್ದಪ್ಪ. "ಗಡಿಕಲ್ಲು ಈ ರಾಶಿ ಕೆಳಗಿದೆ. ಇನ್ನೇನು ಸುಟ್ಟುಹೋಗುತ್ತೆ."

"ಕಲ್ಲಾ? ಕಲ್ಲು ಇನ್ನೂ ಹಾಕೇ ಇಲ್ವಲ್ರೀ. ಗೂಟ ಎಲ್ಲಿ?"

"ಯಾವ... ಗೂಟ ಸಾರ್?"

"ಹತ್ತು ದಿನದ ಹಿಂದೆ ನಾನೇ ಬಂದು ಅಳೆದು ನೆಟ್ಟು ಹೋಗಿದ್ದೆನಲ್ಲ, ನಿಮ್ಮ ಮನೆಗೆ ಬೀಗ ಹಾಕಿತ್ತು. ನಾಲ್ಕು ಮೂಲೆಗೆ ನಾಲ್ಕು, ಗೆದ್ದಲು ಹಿಡೀಬಾರದೂಂತ ಬುಡಕ್ಕೆ ಟಾರು. ಇವತ್ತು ದಾರ ಎಳೆದು ಸಹಿ ತಗೊಳ್ಳೋದಷ್ಟೇ ಬಾಕಿ. ಎಲ್ಲ ನಿಮ್ಮ ಲೆಕ್ಕಕ್ಕೇ ಬಂದಿತ್ತು, ಆ ಮೂರಡಿಯೂ ಸೇರಿ. ನೋಟೀಸಿನ ಹಿಂಬದೀಲಿ ದಪ್ಪ ಅಕ್ಷರದಲ್ಲೇ ಬರೆದಿದ್ದೀವಲ್ಲ, ಗೂಟ ಅಲುಗಿಸಬೇಡಿ ಅಂತ. ಎಲ್ಲಿ ನೋಟೀಸು?"

ನೋಟೀಸೂ ಗೂಟವೂ ಒಂದೇ ಬೂದಿಯಲ್ಲಿದ್ದವು.

ಹೆಂಡತಿ ಗಂಡನ ಕಡೆ ನೋಡಲಿಲ್ಲ. ಅಡುಗೆಮನೆಯ ಕಿಟಕಿಯೊಳಗೆ ಕ್ಯಾಲೆಂಡರಿನ ನಕ್ಷೆ ಕಾಣುತ್ತಿತ್ತು, ಅದನ್ನು ನೋಡಿದಳು.

"ಸಾರ್, ಇವರೇ ಹೇಳಿದ್ದು!" ತಿದ್ದಪ್ಪ ಕಂಟ್ರಾಕ್ಟರನ ಕಡೆ ಬೆರಳು ತೋರಿಸಿದ. "ಬಳ್ಳಿ ಗೂಟ ಅಂದ್ರು!"

ಸರ್ವೇಯರ್ ಹುಬ್ಬು ಗಂಟಿಕ್ಕಿದರು. "ಗೂಟ ನೆಡುವಾಗ ನೀವೂ ಅಲ್ಲೇ ಇದ್ರಲ್ರೀ. ಸಾಕ್ಷಿ ಸಹಿ ನಿಮ್ಮದೇ."

"ಇದ್ದೆ ಸಾರ್. ಆದ್ರೆ ಗಿಡಗಂಟಿ ನಡುವೆ ಯಾವುದು ನಿಮ್ಮದು, ಯಾವುದು ಬಳ್ಳಿದು ಅಂತ ನನಗೇನು ಗೊತ್ತಾಗುತ್ತೆ?" ಕಂಟ್ರಾಕ್ಟರ್ ವಿನಯದಿಂದ ಕೈಕಟ್ಟಿ ನಿಂತ. "ತಿದ್ದಪ್ಪನೋರಿಗೆ ಗೊತ್ತಿರುತ್ತೆ ಅಂದ್ಕೊಂಡೆ. ಓದೋದೇ ಅವರ ಕೆಲಸ ಅಲ್ವಾ? ನಾನಂತೂ ಒಂದನ್ನೂ ಮುಟ್ಟಿಲ್ಲ. ಬೇಕಾದ್ರೆ ಫೋಟೋ ಇದೆ, ನೋಡಿ."

ಫೋಟೋ ತುಂಬ ಚೆನ್ನಾಗಿ ಬಂದಿತ್ತು. ಟಾರು ಬಳಿದ ಬುಡ, ತಿದ್ದಪ್ಪನ ಹಲ್ಲು, ಹಿಂದೆ ಜ್ವಾಲೆ. ಸರ್ವೇಯರ್ ಅದನ್ನು ತಮ್ಮ ಫೋನಿಗೂ ಕಳಿಸಿಕೊಂಡರು.

"ಮಾಮ, ನೀವಾದ್ರೂ ಹೇಳಿ!"

ಗಂಟೆ ಮಾಮ ಗಂಟಲು ಸರಿಮಾಡಿಕೊಂಡ. "ನಾನು ಇಟ್ಟಿಗೆವರೆಗೆ ಮಾತ್ರ ಜವಾಬ್ದಾರನಯ್ಯಾ." ದೊಡ್ಡಮ್ಮನಿಗೆ ಥಟ್ಟನೆ ಹೊದಿಕೆಯ ನೆನಪಾಯಿತು, ಮಹಡಿ ಹತ್ತಿದಳು.

ಸರ್ವೇಯರ್ ರಾಶಿಯ ಪಕ್ಕದಲ್ಲೇ ಇಟ್ಟಿಗೆಯ ಮೇಲೆ ಕೂತು ಬರೆದರು. ಸರ್ಕಾರಿ ಗುರುತು ನಾಶವಾಗಿರುವುದರಿಂದ ಈ ಅಳತೆ ರದ್ದು. ವಿಚಾರಣೆ ಮುಗಿದು ಮರು ಅಳತೆ ಆಗುವ ತನಕ ಆ ಮೂರಡಿ ಯಾರದ್ದೂ ಅಲ್ಲ. ಈ ರಾಶಿ ಮತ್ತು ಇದರೊಳಗಿನ ಬೂದಿ ಘಟನೆಯ ಸಾಕ್ಷ್ಯವಾಗಿರುವುದರಿಂದ ಒಂದು ಎಲೆಯೂ ಕದಲದಂತೆ ಕಾಪಾಡುವ ಹೊಣೆ ಜಾಗದ ಮಾಲೀಕನದು. ಬರೆದು, ಹಾಳೆ ಹರಿದು ತಿದ್ದಪ್ಪನ ಕೈಗೆ ಕೊಟ್ಟರು.

ತಿದ್ದಪ್ಪ ಈ ಸಲ ಹಿಂಬದಿಯನ್ನೇ ಮೊದಲು ತಿರುಗಿಸಿ ನೋಡಿದ. ಖಾಲಿ ಇತ್ತು.

"ವಿಚಾರಣೆಗೆ ಎಷ್ಟು ದಿನ ಆಗುತ್ತೆ ಸಾರ್?" ಕೇಳಿದ್ದು ಹೆಂಡತಿ.

"ಆರು ತಿಂಗಳಂತೂ ಆಗುತ್ತಮ್ಮ. ಮುಂದಕ್ಕೂ ಹೋಗಬಹುದು."

ಅವಳು ಸೆರಗಿನಿಂದ ಗಂಡನ ಕೆನ್ನೆಯ ಮಸಿ ಒರೆಸಿದಳು. ಆಮೇಲೆ ರಾಶಿಯ ಕಡೆ ತಿರುಗಿ, ನೊರೆ ಸುರಿಸುತ್ತಿದ್ದ ಒಂದು ಕೊಂಬೆಯನ್ನು ಮುಟ್ಟದೆಯೇ ಬಗ್ಗಿ ನೋಡಿದಳು.

"ಹೋಗಲಿ ಬಿಡಿ ರೀ," ಎಂದಳು. "ಅಷ್ಟೊತ್ತಿಗೆ ಚೆನ್ನಾಗಿ ಒಣಗಿರುತ್ತೆ."