ಮೇಜುಬಟ್ಟೆಯೂ ನನ್ನ ಮೂರು ಪ್ಯಾಂಟುಗಳೂ

ಆರು ವರ್ಷಗಳಿಂದ ನಾನು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡುತ್ತಿದ್ದೇನೆ. ಮನೆಯಲ್ಲಿ ಊಟದ ಮೇಜಿಲ್ಲವೆಂದಲ್ಲ. ಇದೆ, ಆರು ಜನ ಕೂರುವಂಥದ್ದು, ನನ್ನ ಸ್ವಂತ ಸಂಪಾದನೆಯದು. ಆದರೆ ಅದರ ಮೇಲೆ ನನ್ನ ಹೆಂಡತಿಯ ಬಣ್ಣದ ಡಬ್ಬಿಗಳು, ಮರದ ಅಚ್ಚುಗಳು, ಒಣಗುತ್ತಿರುವ ಬಟ್ಟೆಗಳು ಶಾಶ್ವತವಾಗಿ ಬಿಡಾರ ಹೂಡಿವೆ. ಒಮ್ಮೆ ತಟ್ಟೆ ಇಡಲು ಒಂದು ಮೂಲೆ ಕೇಳಿದ್ದಕ್ಕೆ, "ಅಲ್ಲಿ ನೇರಳೆ ಒಣಗ್ತಿದೆ ರೀ" ಎಂದಳು. ನೇರಳೆ ಒಣಗಿದ ಮೇಲೆ ಹಸಿರು ಬಂತು. ಹಸಿರಿನ ಹಿಂದೆಯೇ ಹಳದಿ. ನನ್ನ ಸರದಿ ಬರಲೇ ಇಲ್ಲ.

ನನ್ನ ಕಸುಬೂ ಬಟ್ಟೆಯದೇ. ಆದರೆ ನಾನಿರುವುದು ಸಮವಸ್ತ್ರದ ಅಂಗಡಿಯಲ್ಲಿ. ಶಾಲೆ, ಆಸ್ಪತ್ರೆ, ಕಾರ್ಖಾನೆಗಳಿಗೆ ಬಟ್ಟೆ ಒದಗಿಸುತ್ತೇವೆ. ಇಪ್ಪತ್ತೆರಡು ವರ್ಷಗಳಿಂದ ಖಾಕಿ, ಬೂದು, ಕಡುನೀಲಿ ಎಂಬ ಮೂರು ಬಣ್ಣಗಳ ಜೊತೆ ಜಗಳವಿಲ್ಲದೆ ಬಾಳಿಕೊಂಡು ಬಂದವನು ನಾನು. (ಬಿಳಿಯನ್ನು ನಾನು ಬಣ್ಣವೆಂದು ಒಪ್ಪುವುದಿಲ್ಲ, ಅದು ಬಣ್ಣಕ್ಕೆ ಕೊಟ್ಟ ರಜೆ.) ನನ್ನ ಪ್ಯಾಂಟುಗಳನ್ನೂ ಅಂಗಡಿಯಲ್ಲಿ ಉಳಿದ ಬಟ್ಟೆಯಲ್ಲೇ ಹೊಲಿಸುವುದರಿಂದ ಸೋಮವಾರ ಕಾವಲುಗಾರನಂತೆಯೂ, ಮಂಗಳವಾರ ಆಸ್ಪತ್ರೆಯ ಸಿಬ್ಬಂದಿಯಂತೆಯೂ, ಬುಧವಾರ ಏಳನೇ ತರಗತಿಯಲ್ಲಿ ಮೂವತ್ತು ಸಲ ಫೇಲಾದವನಂತೆಯೂ ಕಾಣುತ್ತೇನೆ. ಈ ಮಾತು ನನ್ನದಲ್ಲ, ಹೆಂಡತಿಯದು.

ಹೀಗಿರುವಾಗ ಅವಳಿಗೆ ಮನೆ ಅಲಂಕಾರದ ವಸ್ತುಗಳ ವ್ಯಾಪಾರ ಮೇಳದಲ್ಲಿ ಒಂದು ಮಳಿಗೆ ಸಿಕ್ಕಿತು. ದೊಡ್ಡ ಅಂಗಡಿಗಳವರು ಬಂದು, ನಮೂನೆ ನೋಡಿ, ಆರ್ಡರ್ ಕೊಟ್ಟುಹೋಗುವ ಮೇಳ. ಮೂರು ದಿನದ್ದು.

"ಒಂದೇ ಒಂದು ಆರ್ಡರೂ ಬರ್ಲಿಲ್ಲ ಅಂದ್ರೆ ಮೇಜು ನಿಮ್ಗೆ ಬಿಟ್ಕೊಡ್ತೀನಿ" ಎಂದಳು, ನನ್ನ ತೊಡೆಯ ಮೇಲಿನ ತಟ್ಟೆಗೆ ಬಡಿಸುತ್ತಾ. "ಡಬ್ಬಿ, ಅಚ್ಚು ಎಲ್ಲಾ ಅಟ್ಟಕ್ಕೆ. ಸಾಕು ಈ ಹುಚ್ಚು ಅಂದ್ಕೋತೀನಿ."

"ಬಂದ್ರೆ?"

"ಬಂದ್ರೆ ಇನ್ನು ಈ ಜನ್ಮದಲ್ಲಿ ಮೇಜಿನ ಮಾತು ಎತ್ಬಾರ್ದು."

ನಾನು ಮುಖವನ್ನು ಆದಷ್ಟು ಗಂಭೀರವಾಗಿಟ್ಟುಕೊಂಡು ಒಪ್ಪಿದೆ. ಮೇಜಿನ ಯಾವ ತುದಿಯಲ್ಲಿ ಕೂರಬೇಕೆಂದು ಒಳಗೊಳಗೇ ಆಗಲೇ ತೀರ್ಮಾನವಾಗಿತ್ತು.

ಮೊದಲ ದಿನ ಎಲ್ಲವೂ ನನ್ನ ಪರವಾಗಿಯೇ ನಡೆಯಿತು. ಅವಳ ಮಳಿಗೆ ಇಡೀ ಸಭಾಂಗಣದಲ್ಲೇ ಜೋರು. ಹಳದಿ ಪಟ್ಟೆಯ ಪರದೆಗಳು, ಒಂದೊಂದು ಹಣ್ಣು ಬರೆದ ದಿಂಬುಗಳು, ಕಿತ್ತಳೆ ಬಣ್ಣದ ಟ್ರೇಗಳು, ನಡುವೆ ಆರು ತಿಂಗಳು ಕೂತು ಮಾಡಿದ ಮಹಾ ಮೇಜುಬಟ್ಟೆ: ನೇರಳೆ ಎಲೆ, ಹಸಿರು ಬಳ್ಳಿ, ಎರಡು ಅಂಗೈಯಗಲದ ಕೆಂಪು ಹೂವುಗಳು. ಬಂದವರೆಲ್ಲ "ವಾ, ಚೆನ್ನಾಗಿದೆ" ಎನ್ನುವರು, ಕಣ್ಣು ಕಿರಿದು ಮಾಡಿ ಎದುರಿನ ಮಳಿಗೆಗೆ ಹೋಗಿ ತೆಳು ಬೂದಿಬಣ್ಣದ ಹೂದಾನಿ ನೋಡುವರು. ಯಾರಾದರೂ ಹತ್ತಿರ ಬಂದರೆ ಸಾಕು, ಇವಳು ಸರಿಯಾಗಿಯೇ ಇದ್ದ ದಿಂಬನ್ನು ಇನ್ನೊಮ್ಮೆ ಸರಿಮಾಡಿ ನಗುವಳು. ಅವರು ಹೋದ ಮೇಲೂ ಆ ನಗೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ಇಟ್ಟುಕೊಂಡಿರುವಳು.

ಸಂಜೆ ನಾಲ್ಕರ ಹೊತ್ತಿಗೆ ಮೆಲ್ಲಗೆ ಕೇಳಿದಳು. "ರೀ, ಬಣ್ಣ ಜಾಸ್ತಿ ಆಯ್ತಾ?"

ಬಣ್ಣದ ವಿಷಯದಲ್ಲಿ ಅವಳು ನನ್ನ ಅಭಿಪ್ರಾಯ ಕೇಳಿದ್ದು ಮದುವೆಯಾದಂದಿನಿಂದ ಅದೇ ಮೊದಲು. ಇಂಥದೊಂದು ದಿನಕ್ಕಾಗಿ ನಾನು ಎಷ್ಟೋ ಉತ್ತರಗಳನ್ನು ಸಿದ್ಧ ಮಾಡಿಟ್ಟುಕೊಂಡಿದ್ದೆ. ಅವೆಲ್ಲವನ್ನೂ ಬಿಟ್ಟು "ಇಲ್ಲ ಕಣೇ, ಸರಿಯಾಗಿದೆ" ಎಂದೆ. ಅವಳ ಮುಖ ನೋಡಿ ಆ ಕ್ಷಣ ನನಗೆ ಮೇಜು ಬೇಡವಾಯಿತು. ಹೇಗಾದರೂ ಮಾಡಿ ಇವಳಿಗೊಂದು ಆರ್ಡರ್ ಬರಬೇಕೆನಿಸಿತು.

ಎರಡನೇ ದಿನ ಮಧ್ಯಾಹ್ನ ಅವಳು ಊಟಕ್ಕೆ ಹೋದಾಗ ಮಳಿಗೆಯ ಚುಕ್ಕಾಣಿ ನನ್ನ ಕೈಗೆ ಬಂತು. ನಾನು ಅನುಭವಸ್ಥ. ಇವಳ ತಪ್ಪೇನೆಂದು ನನಗೆ ಹೊಳೆದಿತ್ತು. ನಮ್ಮ ಕಸುಬಿನಲ್ಲಿ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ನಾಲ್ಕು ಬೆರಳಗಲದ ತುಂಡು ಕತ್ತರಿಸಿ ಕೊಡುತ್ತೇವೆ. ಅವರು ಮನೆಗೊಯ್ದು ಬೆಳಕಿಗೆ ಹಿಡಿದು, ಒಗೆದು, ಉಜ್ಜಿ ನೋಡಿ ವಾಪಸು ಬರುತ್ತಾರೆ. ತುಂಡು ಕೊಡದೆ ನಾನು ಒಂದು ಶಾಲೆಗೂ ಚಡ್ಡಿ ಮಾರಿದವನಲ್ಲ. ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸುವ ನನ್ನ ಕತ್ತರಿ ಸದಾ ಚೀಲದಲ್ಲೇ ಇರುತ್ತದೆ.

ಕತ್ತರಿ ಹೊರಗೆ ಬಂದದ್ದೇ ತಡ, ಮಳಿಗೆಗೆ ಕಳೆ ಬಂತು. ಜನ ನಿಂತರು. ಒಬ್ಬರಿಗೆ ಪರದೆಯ ಹಳದಿ, ಇನ್ನೊಬ್ಬರಿಗೆ ದಿಂಬಿನ ಹಣ್ಣು. ಬೆಳ್ಳಗೆ ನರೆತ ಗಿಡ್ಡ ಕೂದಲಿನ ಹಿರಿಯ ಹೆಂಗಸೊಬ್ಬರು ಬಂದು, "ಈ ಕೆಂಪು ಚೆನ್ನಾಗಿದೆ" ಎಂದು ಮೇಜುಬಟ್ಟೆಯ ನಟ್ಟನಡುವಿನ ಹೂವು ತೋರಿಸಿದರು. ಗಿರಾಕಿ ಕೇಳಿದ ಬಣ್ಣವನ್ನೇ ಕೊಡಬೇಕಾದದ್ದು ಕಸುಬಿನ ಧರ್ಮ. ಕೊಟ್ಟೆ. ಅದೇ ಹೂವಿನ ಇನ್ನೊಂದು ತುಂಡನ್ನು ನನ್ನ ಜೇಬಿಗೂ ಹಾಕಿಕೊಂಡೆ. (ಯಾಕೆಂದು ಕೇಳಬೇಡಿ. ಆ ಕೆಂಪು ನಿಜಕ್ಕೂ ಚೆನ್ನಾಗಿತ್ತು.) ಒಂದು ಗಂಟೆಯಲ್ಲಿ ಮೂವತ್ತೊಂದು ತುಂಡು, ಮೂವತ್ತೊಂದಕ್ಕೂ ಫೋನ್ ನಂಬರಿನ ಚೀಟಿ ಚುಚ್ಚಿ ದಾನ ಮಾಡಿದೆ.

ನಮ್ಮ ಅಂಗಡಿಯಲ್ಲಿ ಒಂದೊಂದು ಥಾನಿನಲ್ಲಿ ನೂರು ಮೀಟರ್ ಬಟ್ಟೆ ಇರುತ್ತದೆ. ಕತ್ತರಿಸಿದಷ್ಟೂ ಸುರುಳಿ ಬಿಚ್ಚಿಕೊಳ್ಳುತ್ತದೆ. ಅವಳ ಮೇಜುಬಟ್ಟೆ ಜಗತ್ತಿನಲ್ಲೇ ಒಂದು ಎನ್ನುವುದು ನನಗೆ ನೆನಪಾದದ್ದು ಅವಳು ಕೈ ಒರೆಸಿಕೊಳ್ಳುತ್ತಾ ಬಂದು ನಿಂತಾಗ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಮಡಚುವ ಕುರ್ಚಿಯಲ್ಲಿ ಕೂತು, ಹೂವು ಇದ್ದ ತೂತಿನಲ್ಲಿ ಬೆರಳು ತೂರಿಸಿ ನೋಡಿದಳು.

"ಸ್ಯಾಂಪಲ್ ಕಣೇ" ಎಂದೆ. "ನಿಂಗೊಂದು ಆರ್ಡರ್ ಬರ್ಲಿ ಅಂತ..."

"ನಂಗೆ ಆರ್ಡರ್ ಬಂದ್ರೆ ನಿಮ್ಗೆ ಮೇಜು ಸಿಗಲ್ವಲ್ಲ."

"ಹಾಳಾಗಿ ಹೋಗ್ಲಿ ಮೇಜು."

ಅವಳು ಮತ್ತೆ ಮಾತಾಡಲಿಲ್ಲ. ಬಟ್ಟೆಗಳನ್ನೆಲ್ಲ ಮಡಚಿಕೊಂಡು ಮನೆಗೆ ಹೊರಟಳು. ಮಾತಾಡದ ಹೆಂಡತಿಯ ಎದುರು ಕೂರುವ ಧೈರ್ಯವಿಲ್ಲದೆ ನಾನು ಎಂಟಕ್ಕೇ ಹೊದ್ದು ಮಲಗಿದೆ.

ಬೆಳಗ್ಗೆ ಏಳುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು. ಬಟ್ಟೆಗಳೂ ಇರಲಿಲ್ಲ. ನನ್ನ ಪ್ಯಾಂಟುಗಳೂ ಇರಲಿಲ್ಲ. ಖಾಕಿ ಇಲ್ಲ, ಬೂದು ಇಲ್ಲ, ಕಡುನೀಲಿ ಇಲ್ಲ. ಬೀರುವಿನ ತಳದಲ್ಲಿ ಸಿಕ್ಕಿದ್ದು ಮದುವೆಯ ಸೂಟಿನ ಪ್ಯಾಂಟು ಮಾತ್ರ. ಅದರ ಗುಂಡಿಗೂ ಕಾಜಕ್ಕೂ ಮಾತುಬಿಟ್ಟು ಎಷ್ಟೋ ವರ್ಷವಾಗಿತ್ತು. ಬೆಲ್ಟು ಬಿಗಿದು, ಮೇಲೆ ಉದ್ದನೆಯ ಸ್ವೆಟರು ಎಳೆದುಕೊಂಡು, ಉಸಿರು ಹಿಡಿದು ಮೇಳಕ್ಕೆ ಓಡಿದೆ.

ಮಳಿಗೆಯಲ್ಲಿ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿದ್ದವು. ತೂತಿದ್ದಲ್ಲೆಲ್ಲ ತೇಪೆ. ಹಣ್ಣಿದ್ದಲ್ಲಿ ಬೂದು, ಪರದೆಯ ಹಳದಿಯ ನಡುವೆ ಕಡುನೀಲಿ, ಕೆಂಪು ಹೂವಿದ್ದ ಜಾಗದಲ್ಲಿ ಅಷ್ಟೇ ಅಗಲದ ಖಾಕಿ, ಸುತ್ತ ಕೆಂಪು ದಾರದ ಸಣ್ಣ ಸಣ್ಣ ಹೊಲಿಗೆ. ಆ ಖಾಕಿಯನ್ನು ನಾನು ಎಲ್ಲಿದ್ದರೂ ಗುರುತಿಸುತ್ತಿದ್ದೆ. ಅದು ನನ್ನ ಮೊಣಕಾಲಿನ ಭಾಗ.

"ಏನೇ ಇದು" ಎಂದೆ.

"ತೂತು ನಿಮ್ದು, ತೇಪೆನೂ ನಿಮ್ದೇ" ಎಂದಳು. ಆದರೆ ಮಾತಾಡಿದಳು! ನನಗೆ ಅಷ್ಟೇ ಸಾಕಾಗಿತ್ತು.

ಹನ್ನೊಂದರ ಹೊತ್ತಿಗೆ ನರೆಗೂದಲಿನ ಆ ಹಿರಿಯರು ಕೈಯಲ್ಲಿ ಕೆಂಪು ತುಂಡು ಹಿಡಿದುಕೊಂಡು ವಾಪಸು ಬಂದರು. ಮನೆಸಾಮಾನಿನ ಏಳು ಅಂಗಡಿಗಳ ಒಡತಿಯಂತೆ. ತುಂಡನ್ನು ಬಟ್ಟೆಯ ಮೇಲೆ ಸರಿಸುತ್ತಾ ಸರಿಸುತ್ತಾ ಖಾಕಿಯ ಹತ್ತಿರ ಬಂದು ನಿಲ್ಲಿಸಿದರು.

"ಮೊನ್ನೆ ಈ ಕಡೆ ಹಾದುಹೋಗುವಾಗ ಕಣ್ಣು ಕುಕ್ಕಿತ್ತಮ್ಮ. ಇವತ್ತು ಕಣ್ಣಿಗೆ ಕೂರೋದಕ್ಕೊಂದು ಜಾಗ ಮಾಡಿದೀಯ. ಎಲ್ಲೆಲ್ಲಿ ಕತ್ತರಿಸ್ಬೇಕು ಅಂತ ಹೇಗೆ ಗೊತ್ತಾಗುತ್ತೆ?"

ಈಗ ನನ್ನ ಹೆಸರು ಬರುತ್ತದೆಂದು ನಾನು ಎದೆಯುಬ್ಬಿಸಿದೆ. ಬೆಲ್ಟು ಕಿರುಗುಟ್ಟಿತು.

"ಅದಕ್ಕೆ ಇವ್ರಿದಾರೆ" ಎಂದಳು ಹೆಂಡತಿ. "ಸ್ವಲ್ಪಾನೂ ಯೋಚ್ನೆ ಮಾಡ್ದೆ ಕತ್ತರಿಸೋರು ಸಿಗೋದು ಕಷ್ಟ ನೋಡಿ."

"ಈ ಖಾಕಿ, ನೀಲಿ ಎಲ್ಲಾ ಎಲ್ಲಿಂದ ತರ್ಸ್ತೀಯಮ್ಮ?"

"ನಮ್ಮನೆಯವರದು."

"ಇನ್ನೂ ಇದೆಯಾ?"

ಹೆಂಡತಿ ನನ್ನ ಕಾಲುಗಳತ್ತ ನೋಡಿದಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಏಳು ಅಂಗಡಿಗೂ ಸೇರಿ ಇನ್ನೂರು ಮೇಜುಬಟ್ಟೆ, ನಾನೂರು ದಿಂಬಿನ ಚೀಲ. ಎಲ್ಲಕ್ಕೂ ತೇಪೆ ಇರಲೇಬೇಕು. ಅವರು ಅತ್ತ ಹೋದದ್ದೇ ತಡ, ಇವಳು ಪರದೆಯ ಹಿಂದೆ ಹೋಗಿ ಒಂದು ನಿಮಿಷ ಅತ್ತು, ಕಣ್ಣೊರೆಸಿಕೊಂಡು ಬಂದು, ಸರಿಯಾಗಿಯೇ ಇದ್ದ ದಿಂಬನ್ನು ಸರಿಮಾಡಿದಳು. ನನಗೂ ಕಣ್ಣು ತುಂಬಿತ್ತು. ಬೆಲ್ಟು ಬಿಗಿಯಾಗಿದೆ ಎಂದೆ.

ಈಗ ರಜಾದಿನಗಳಲ್ಲಿ ನಾನು ಅವಳ ಕೈಕೆಳಗೆ ತುಂಡು ಕತ್ತರಿಸುತ್ತೇನೆ. ಯೋಚನೆ ಮಾಡಿ ಕತ್ತರಿಸಿದರೆ ಬೈಯುತ್ತಾಳೆ. ಮೇಜಿನ ಮೇಲೆ ಡಬ್ಬಿಗಳ ಎರಡನೇ ಅಂತಸ್ತು ಎದ್ದಿದೆ. ಮಾತು ಕೊಟ್ಟಿರುವುದರಿಂದ ನಾನು ಅತ್ತ ನೋಡುವುದಿಲ್ಲ.

ಮೊನ್ನೆ ಭಾನುವಾರ ಮಧ್ಯಾಹ್ನ ಅಡುಗೆಮನೆಯಿಂದ ಕೂಗಿದಳು. "ಕೈ ತೊಳ್ಕೊಂಡ್ ಬನ್ನಿ ರೀ, ನಿಮ್ಮ ಮೇಜು ರೆಡಿ ಇದೆ."

ಒದ್ದೆ ಕೈಯಲ್ಲೇ ಓಡಿಬಂದೆ. ಮೇಜಿನ ಮೇಲೆ ಹಸಿರು ಒಣಗುತ್ತಿತ್ತು. ಅವಳು ನನ್ನನ್ನು ಮಾಮೂಲಿ ಕುರ್ಚಿಯಲ್ಲೇ ಕೂರಿಸಿ, ತೊಡೆಯ ಮೇಲೆ ಒಂದು ಬಟ್ಟೆ ಹಾಸಿದಳು. ಸರಿಯಾಗಿ ನನ್ನ ತೊಡೆಯ ಅಳತೆಯದು, ಪೂರ್ತಿ ಖಾಕಿ. ಮೂಲೆಯಲ್ಲಿ ನಾಲ್ಕು ಬೆರಳಗಲದ ಕೆಂಪು ತುಂಡು ಹೊಲಿದಿತ್ತು, ಹಲ್ಲುಹಲ್ಲಾದ ಅಂಚಿನದು.

"ಅವತ್ತು ನಿಮ್ಮ ಪ್ಯಾಂಟಿನ ಜೇಬಲ್ಲಿ ಸಿಕ್ತು" ಎಂದಳು. "ಕೆಂಪು ಇಷ್ಟ ಅಂತ ಬಾಯಿಬಿಟ್ಟು ಹೇಳೋಕೇನಾಗಿತ್ತು?"

"ಸ್ಯಾಂಪಲ್ ಅದು" ಎಂದೆ.

ಅವಳು ನಕ್ಕು ತಟ್ಟೆ ತಂದಿಟ್ಟಳು. ಕೆಂಪು ಮುಚ್ಚಿಹೋಗದಂತೆ ತಟ್ಟೆಯನ್ನು ಕೊಂಚ ಪಕ್ಕಕ್ಕೆ ಸರಿಸಿಕೊಂಡೆ. ಸಂಸಾರ ಎಂದರೆ ಹೀಗಿರಬೇಕು, ಇದಕ್ಕಿಂತ ಇನ್ನೇನು ಬೇಕು ಎಂದು ಮನಸ್ಸು ತುಂಬಿ ಬಂತು. ಎರಡು ತುತ್ತು ಉಂಡ ಮೇಲೆ ಆ ಖಾಕಿಯನ್ನು ಇನ್ನೊಮ್ಮೆ ನೋಡಿದೆ. ಹೊಚ್ಚ ಹೊಸದು. ಎಲ್ಲೋ ಕಂಡ ಹಾಗಿತ್ತು.

"ನಿನ್ನೆ ದರ್ಜಿ ಹತ್ರದಿಂದ ತಂದ ನನ್ನ ಹೊಸ ಪ್ಯಾಂಟು ಎಲ್ಲೇ?"

"ಉಣ್ಣಿ, ಆರಿಹೋಗುತ್ತೆ" ಎಂದಳು.