ಸೌಂದರ್ಯಳಿಗೆ ತುಂಬಾ ಇಷ್ಟವಾದದ್ದು ಯಾವುದು?

ಮನೆಗೆ ಬೀಗ ಹಾಕಿ ಕೀಲಿಯನ್ನು ಒಳಗೇ ಬಿಟ್ಟು ಬರುವವರನ್ನು ಕಂಡು ನಾನು ಬಹಳ ಸಲ ನಕ್ಕಿದ್ದೇನೆ. ಆ ನಗುವೆಲ್ಲ ಬಡ್ಡಿ ಸಮೇತ ನನಗೇ ವಾಪಸಾಗುತ್ತದೆಂದು ಗೊತ್ತಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

ನಾನು ರುದ್ರೇಶ್, ತಿಪಟೂರಿನವನು. ವೆಬ್‌ಸೈಟ್ ಕಟ್ಟುವುದು ನನ್ನ ಉದ್ಯೋಗ. ನನ್ನ ಹೆಂಡತಿ ಸೌಂದರ್ಯ ಮನೆಯಲ್ಲೇ ಕೊಬ್ಬರಿ ಮಿಠಾಯಿ, ಚಟ್ನಿಪುಡಿ ಮಾಡಿ ಆನ್‌ಲೈನಿನಲ್ಲಿ ಮಾರುತ್ತಾಳೆ. ಅವಳ ಅಂಗಡಿಯ ಸೈಟನ್ನೂ ನಾನೇ ಕಟ್ಟಿದ್ದು. (ಗಿರಾಕಿಗಳು ಮಿಠಾಯಿಯನ್ನು ಹೊಗಳುತ್ತಾರೆ. ಸೈಟನ್ನು ಹೊಗಳಿದವನು ಇದುವರೆಗೆ ನಾನೊಬ್ಬನೇ.)

ಆ ಭಾನುವಾರ ಬೆಳಿಗ್ಗೆ ಅವಳು ಬಿಳಿಗೆರೆಗೆ, ಅಕ್ಕನ ಮೊಮ್ಮಗುವಿನ ನಾಮಕರಣಕ್ಕೆ ಹೊರಟು ನಿಂತಿದ್ದಳು. ನಾನು ಅವಳ ಅಂಗಡಿಯ ಪಾಸ್‌ವರ್ಡ್ ನೋಡಿ ಹೌಹಾರಿದೆ.

"ಏನೇ ಇದು, ನಿನ್ನ ಹೆಸರು, ಮುಂದೆ ಒಂದು ಎರಡು ಮೂರು? ಇದು ಪಾಸ್‌ವರ್ಡಾ, ಶಿಶುವಿಹಾರದ ಪಾಠಾನಾ?"

"ಇಷ್ಟ್ ದಿನ ಯಾವ ಕಳ್ಳ ಬಂದಿದ್ದ ರೀ?"

"ಕಳ್ಳ ಹೇಳಿ ಕೇಳಿ ಬತ್ತಾನಾ?"

"ಬಂದ್ರೆ ಎರಡು ಮಿಠಾಯಿ ತಿನ್ಕೊಂಡು ಹೋಗ್ಲಿ ಬುಡಿ. ನೀವು ಮಾತ್ರ ಅದನ್ನ ಮುಟ್ಬೇಡಿ. ನನ್ನ ನಂಬ್ಕೊಂಡು ಜನ ಮನೆ ವಿಳಾಸ, ಫೋನ್ ನಂಬರ್ ಎಲ್ಲ ಕೊಟ್ಟವ್ರೆ. ನೀವು ರಿಪೇರಿ ಮಾಡಿದ್ ಮಿಕ್ಸಿ ಇನ್ನೂ ಅಟ್ಟದ ಮೇಲೈತೆ."

ಅವಳ ಬಸ್ಸು ಊರು ದಾಟುವ ಮೊದಲೇ ನಾನು ಭದ್ರತಾ ಮಹಾಯಾಗಕ್ಕೆ ಕೂತೆ. ಹಳೆಯ ಪಾಸ್‌ವರ್ಡ್ ಕಿತ್ತೆಸೆದು, ಅಕ್ಷರ, ಅಂಕಿ, ಚಿಹ್ನೆಗಳನ್ನೆಲ್ಲ ಕಲಸಿದ, ಬ್ರಹ್ಮನಿಗೂ ಬಾಯಿಪಾಠವಾಗದ ಹೊಸದೊಂದನ್ನು ಕಂಪ್ಯೂಟರಿನಿಂದಲೇ ಮಾಡಿಸಿ ಹಾಕಿದೆ. ಪಾಸ್‌ವರ್ಡ್ ಇಲ್ಲದೆಯೂ ಸೈಟಿನೊಳಗೆ ಹೋಗಲೆಂದು ನಾನು ಇಟ್ಟುಕೊಂಡಿದ್ದ ಹಿಂಬಾಗಿಲನ್ನೂ ಮುಚ್ಚಿದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಪುಟಗಳು ಬೇಗ ತೆರೆಯಲಿ ಎಂದು, ಒಮ್ಮೆ ತೆರೆದ ಪುಟವನ್ನು ಸೈಟು ನೆನಪಿಟ್ಟುಕೊಂಡು ಮತ್ತೆ ಅದನ್ನೇ ತೋರಿಸುವ ಏರ್ಪಾಡನ್ನೂ ಸೇರಿಸಿದೆ. ಪರೀಕ್ಷೆ ಮಾಡಿ ನೋಡದೆಯೇ ಸೈಟಿನಿಂದ ಹೊರಬಂದೆ. (ನುರಿತ ಅಡುಗೆಯವನು ತನ್ನ ಸಾರನ್ನು ತಾನೇ ರುಚಿ ನೋಡುತ್ತಾನೆಯೇ? ನೋಡುತ್ತಾನಂತೆ. ಆಮೇಲೆ ತಿಳಿಯಿತು.)

ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಫೋನ್ ಬಡಿದುಕೊಂಡಿತು. ಸೌಂದರ್ಯ ಫೋನ್ ಮರೆತು ಹೋಗಿದ್ದಳು. ಹುಳಿಯಾರಿನ ಗಿರಾಕಿ ದೊಡ್ಡರಂಗಯ್ಯನವರು ಮಾತಾಡಿದರು.

"ಚಟ್ನಿಪುಡಿ ತರಿಸ್ಕೊಳ್ಳಾನ ಅಂತ ನೋಡಿದ್ರೆ, ನನ್ನ ವಿಳಾಸ ಇರೋ ಜಾಗ್ದಲ್ಲಿ ಕಿಬ್ಬನಹಳ್ಳಿ ಚಿಕ್ಕಗೌರಮ್ಮ ಅಂತ ಯಾರ್ದೋ ಮನೆ, ಫೋನ್ ನಂಬರು ಎಲ್ಲ ಬತ್ತೈತಲ್ಲ ಸ್ವಾಮಿ. ನನ್ದು ಇನ್ಯಾರಿಗ್ ಕಾಣ್ತಾ ಐತೋ."

ನೆನಪಿಟ್ಟುಕೋ ಎಂದರೆ ಸೈಟು ಒಬ್ಬರ ಪುಟವನ್ನು ನೆನಪಿಟ್ಟುಕೊಂಡು ಇನ್ನೊಬ್ಬರಿಗೆ ತೋರಿಸುತ್ತಿತ್ತು. ಸೌಂದರ್ಯಳನ್ನು ನಂಬಿದವರ ಮನೆ ವಿಳಾಸಗಳು ಬೀದಿಗೆ ಬಿದ್ದಿದ್ದವು. ತಕ್ಷಣ ಒಳಗೆ ಹೋಗಿ ಅಂಗಡಿ ಮುಚ್ಚಬೇಕು. ಹೋಗುವುದು ಹೇಗೆ? ಹೊಸ ಪಾಸ್‌ವರ್ಡನ್ನು ಕಾಪಿ ಮಾಡಿ ಇಟ್ಟುಕೊಂಡಿದ್ದೆ. ಅದನ್ನು ಎಲ್ಲಿಯೂ ಉಳಿಸುವ ಮೊದಲೇ ಇನ್ನೇನನ್ನೋ ಕಾಪಿ ಮಾಡಿ, ಮೊದಲನೆಯದನ್ನು ಕಳೆದುಕೊಂಡಿದ್ದೆ.

ಉಳಿದದ್ದು 'ಪಾಸ್‌ವರ್ಡ್ ಮರೆತಿರಾ?' ಎಂಬ ಒಂದೇ ದಾರಿ. ಅದನ್ನು ಒತ್ತಿದರೆ, ಅಂಗಡಿ ತೆರೆದ ದಿನ ಸೌಂದರ್ಯ ತಾನೇ ಬರೆದಿಟ್ಟ ಗುಟ್ಟಿನ ಪ್ರಶ್ನೆ ಬಂತು: 'ಸೌಂದರ್ಯಳಿಗೆ ತುಂಬಾ ಇಷ್ಟವಾದದ್ದು ಯಾವುದು?' ಮೂರು ಸಲ ತಪ್ಪಿದರೆ ಮರುದಿನದವರೆಗೆ ಬಾಗಿಲು ತೆರೆಯುವುದಿಲ್ಲ. ಆ ಕಾನೂನು ಮಾಡಿದ ಮಹಾನುಭಾವನೂ ನಾನೇ.

ಇದೇನು ಮಹಾ ಎಂದು 'ಕೊಬ್ಬರಿ ಮಿಠಾಯಿ' ಎಂದು ಒತ್ತಿದೆ. ತಪ್ಪು. ಕಟ್ಟಿಕೊಂಡ ಗಂಡನಿರುವಾಗ ತಿಂಡಿಯ ಹೆಸರು ಯಾಕೆ ಬರೆಯುತ್ತಾಳೆ ಎಂದು ಹೊಳೆದು 'ರುದ್ರೇಶ್' ಎಂದು ಒತ್ತಿದೆ. ತಪ್ಪು. (ಎರಡು ಸಲವೂ ಕೆಂಪಕ್ಷರದಲ್ಲೇ ಬಂತು. ಎರಡನೆಯದು ಹೆಚ್ಚು ಕೆಂಪಾಗಿ ಕಂಡಿತು.)

ಇನ್ನು ಒಂದೇ ಅವಕಾಶ. ಸೌಂದರ್ಯಳನ್ನೇ ಕೇಳೋಣವೆಂದರೆ ಅವಳ ಫೋನ್ ನನ್ನ ಕೈಯಲ್ಲಿ, ಅವಳಿನ್ನೂ ಬಸ್ಸಿನಲ್ಲಿ. ರೇಷ್ಮೆ ಸೀರೆಯೇ? ಬೀರುವಿನಿಂದ ಅದು ಆಚೆ ಬಂದದ್ದೇ ಕಾಣೆ. ಮಲ್ಲಿಗೆಯೇ? ತಂದದ್ದರಲ್ಲಿ ಮುಕ್ಕಾಲು ಭಾಗ ಅಮ್ಮನ ದೇವರಿಗೆ ಹೋಗುತ್ತದೆ. ಇಷ್ಟು ವರ್ಷ ಅವಳ ಎದುರು ಕೂತು ಉಂಡಿದ್ದೇನೆ, ನನಗೆ ಉತ್ತರ ಗೊತ್ತಿಲ್ಲ. ನಿಜವಾಗಿ ನಾಚಿಕೆಯಾಯಿತು.

ಪಡಸಾಲೆಯಲ್ಲಿ ನನ್ನ ಅಮ್ಮ ಗುರುಸಿದ್ದಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಹಾಲಿಗೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ವನಜಾಕ್ಷಿ ತಾನೂ ಕೂತು ಬಿಡಿಸುತ್ತಿದ್ದಳು.

"ಅಮ್ಮಾ, ಸೌಂದರ್ಯಂಗೆ ತುಂಬಾ ಇಷ್ಟವಾದ್ದು ಏನು?"

"ಯಾಕ್ಲಾ?"

"ಸುಮ್ನೆ."

"ಸುಮ್ನೆ ಕೇಳೋ ಮುಖ ಅಲ್ಲ ಕಣ್ಲಾ ಇದು. ಕಾಯಿಹೂವು, ಇನ್ನೇನು."

"ಕಾಯಿಹೂವು ಅಲ್ವಾ ರುದ್ರೇಶಣ್ಣ?" ಎಂದಳು ವನಜಾಕ್ಷಿ. "ಬೀದಿಗೆಲ್ಲ ಗೊತ್ತು. ನಮ್ಮನೇಲಿ ಸಿಕ್ಕಿದ್ರೆ ಕರ್ದು ಕೊಡ್ತೀನಿ. ಸೌಂದರ್ಯಕ್ಕ ಗೋಡೆ ಹತ್ರನೇ ನಿಂತ್ಕೊಂಡು ತಿಂದ್ಬುಟ್ಟು ಹೋಯ್ತಾರೆ."

ತೆಂಗಿನಕಾಯಿ ಮೊಳಕೆಯೊಡೆದಾಗ ಒಳಗಿನ ನೀರು ಹೀರಿಕೊಂಡು ಬೆಳೆಯುವ ಬಿಳಿಯ ಮೆತ್ತನೆಯ ಉಂಡೆಯೇ ಆ ಹೂವು. ಪೂಜೆಯ ಕಾಯಿಯಲ್ಲಿ ಹೂವು ಬಂದರೆ ಶುಭ, ಅದನ್ನು ಯಜಮಾನ ತಿನ್ನಬೇಕು ಎಂಬುದು ನಮ್ಮ ಮನೆಯ ಪದ್ಧತಿ. ಸೌಂದರ್ಯ ಅದನ್ನು ತಟ್ಟೆಯಲ್ಲಿಟ್ಟು ತಂದು, ನಾನು ತಿಂದು ಮುಗಿಸುವವರೆಗೂ ಕಣ್ಣು ಕದಲಿಸದೆ ನಿಂತಿರುತ್ತಿದ್ದಳು. ನನಗೋ ಅದು ಸಕ್ಕರೆ ನೀರಿನಲ್ಲಿ ಅದ್ದಿದ ಸ್ಪಂಜು. ಆದರೂ ಆ ನೋಟದ ಪ್ರೀತಿಗೆ ಸೋತು ನುಂಗುತ್ತಿದ್ದೆ. ಆ ನೋಟ ಇದ್ದದ್ದು ನನ್ನ ಮೇಲಲ್ಲ, ಹೂವಿನ ಮೇಲೆ ಎಂದು ಈಗ ಗೊತ್ತಾಯಿತು.

ಉತ್ತರ ಒತ್ತಿದೆ. ಬಾಗಿಲು ತೆರೆಯಿತು. ಅಂಗಡಿ ಮುಚ್ಚಿ, ನನ್ನ ಸುಧಾರಣೆಯನ್ನು ಕಿತ್ತುಹಾಕಿ, ದೊಡ್ಡರಂಗಯ್ಯನವರಿಗೂ ಚಿಕ್ಕಗೌರಮ್ಮನವರಿಗೂ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಆದರೆ ಹೆಂಡತಿಯ ಪಾಲಿನದನ್ನು ಇಷ್ಟು ವರ್ಷ ತಿಂದ ಸಂಕಟ ಹೋಗಲಿಲ್ಲ. ಹಿತ್ತಿಲಿಗೆ ಹೋದೆ. ಬಚ್ಚಲ ನೀರು ಹರಿಯುವ ಕಡೆ ಮೊಳಕೆ ಬಂದ ನಾಲ್ಕು ಕಾಯಿಗಳು ಕಂಡವು. ನಾಲ್ಕನ್ನೂ ಸುಲಿದು ಒಡೆದೆ. ನಾಲ್ಕರಲ್ಲೂ ಹೂವು.

ಸಂಜೆ ಸೌಂದರ್ಯ ಬಂದಾಗ ತಟ್ಟೆ ಮುಂದಿಟ್ಟು ನಡೆದದ್ದೆಲ್ಲ ಹೇಳಿದೆ.

"ಚಿಕ್ಕಗೌರಮ್ಮೋರು ಏನಂದ್ರು?" ಎಂದು ಮೊದಲು ಕೇಳಿದಳು.

"ಬೈದ್ರು. ಆಮೇಲೆ ಅರ್ಧ ಕೇಜಿ ಮಿಠಾಯಿ ಬೇಕು ಅಂದ್ರು."

ಅವಳಿಗೆ ಉಸಿರು ಬಂತು. ಒಂದು ಹೂವು ತೆಗೆದು ಮುರಿದು, ಅಭ್ಯಾಸಬಲದಿಂದ ದೊಡ್ಡ ತುಂಡನ್ನು ನನಗೇ ಚಾಚಿದಳು.

"ಬೇಡ ಕಣೇ. ನಂಗೆ ಇದು ಮೊದಲಿಂದ್ಲೂ ಇಷ್ಟ ಇಲ್ಲ. ನೀನು ಪ್ರೀತಿಯಿಂದ ಕೊಡ್ತೀಯ ಅಂತ ತಿಂತಿದ್ದೆ."

ಅವಳ ಕಣ್ಣು ತುಂಬಿ ಬರುತ್ತದೆಂದು ಕಾದೆ. ಕಣ್ಣು ಕೆಂಪಾಯಿತು.

"ಇಷ್ಟ ಇಲ್ದೆ ತಿಂದ್ರಾ? ಮದ್ವೆ ಆದಾಗಿಂದ ನಾನು ಬಾಯಲ್ಲಿ ನೀರೂರಿಸ್ಕೊಂಡು ನಿಂತಿದ್ರೆ, ಇಷ್ಟ ಇಲ್ದೆ ತಿಂದ್ರಾ? ಒಂದ್ ಮಾತು ಹೇಳಕ್ಕೆ ಏನಾಗಿತ್ತು ರೀ?"

"ನೀನೂ ಹೇಳ್ಲಿಲ್ವಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ. ನನ್ನ ಪಕ್ಕದಲ್ಲೇ ಕೂತು ಕಣ್ಣು ಮುಚ್ಚಿ ತಿಂದಳು. ನಾನು ನೋಡುತ್ತಾ ಕೂತೆ. ಹೊಟ್ಟೆ ತುಂಬಿದ್ದು ನನಗೆ.

ಮೂರನೆಯದಕ್ಕೆ ಕೈ ಹಾಕಿದವಳು ಕೇಳಿದಳು. "ಇಷ್ಟೊಂದು ಎಲ್ಲಿ ಸಿಕ್ವು ರೀ?"

"ಬಚ್ಚಲ ನೀರು ಹೋಗೋ ಕಡೆ. ಪಾಪ, ಯಾರೂ ಗಮನಿಸ್ದೆ ಮೊಳಕೆ ಬಂದ್ಬಿಟ್ಟಿದ್ವು."

ಅವಳ ಕೈ ಅಲ್ಲೇ ನಿಂತಿತು. ಪಡಸಾಲೆಯಿಂದ ಅಮ್ಮನ ದನಿ ಬಂತು.

"ಅವು ಅರಳಗುಪ್ಪೆಯವು ಕಣ್ಲಾ. ಅವಳ ತವರಿನ ಮರದ್ದು. ಸಸಿ ಮಾಡಾನ ಅಂತ ಮಳೆಗಾಲದಿಂದ ನೀರು ಬುಟ್ಕೊಂಡು ಕಾಯ್ತಿದ್ಲು."

ಸೌಂದರ್ಯ ತಟ್ಟೆಯನ್ನೂ ನನ್ನನ್ನೂ ಒಂದೊಂದು ಸಲ ನೋಡಿ, ಮೂರನೆಯ ಹೂವನ್ನು ಬಾಯಿಗಿಟ್ಟುಕೊಂಡಳು.

"ಸಸಿ ಅಂತೂ ಹೋಯ್ತು. ಇದನ್ಯಾಕ್ ಬುಡ್ಲಿ. ಬರೋ ಭಾನುವಾರ ಅರಳಗುಪ್ಪೆಗೆ ಹೋಗಿ ಬೀಜದ ಕಾಯಿ ಹೊತ್ಕೊಂಡ್ ಬನ್ನಿ."

ಮರುದಿನ ನೋಡಿದರೆ ಅಂಗಡಿಯ ಗುಟ್ಟಿನ ಪ್ರಶ್ನೆಯನ್ನು ಬದಲಾಯಿಸಿದ್ದಾಳೆ: 'ಸಸಿಗಿಟ್ಟ ಕಾಯಿ ಒಡೆದವರು ಯಾರು?' ಉತ್ತರ ಅಷ್ಟು ಹೊತ್ತಿಗೆ ವನಜಾಕ್ಷಿಯ ಮೂಲಕ ಇಡೀ ಬೀದಿಗೆ ಗೊತ್ತಾಗಿತ್ತು. ಭದ್ರತೆಯ ದೃಷ್ಟಿಯಿಂದ ಇದಕ್ಕಿಂತ ದುರ್ಬಲವಾದ ಪ್ರಶ್ನೆ ಇನ್ನೊಂದಿಲ್ಲ. ಆದರೂ ನಾನದನ್ನು ಮುಟ್ಟಲು ಹೋಗಿಲ್ಲ. ಸದ್ಯಕ್ಕೆ ಈ ಮನೆಯಲ್ಲಿ ನನಗೆ ಉತ್ತರ ಗೊತ್ತಿರುವ ಪ್ರಶ್ನೆ ಅದೊಂದೇ.